ಪಹಣಿಯಲ್ಲಿ ತಾತನ ಹೆಸರು, ತೋಟದಲ್ಲಿ ಹಳದಿ ಕಲ್ಲು: ಒಂದು ಹೆದ್ದಾರಿ ಭೂಸ್ವಾಧೀನದ ಪ್ರಕರಣ

ತಾಲ್ಲೂಕು ಕೇಂದ್ರವೊಂದರಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಭೂಸ್ವಾಧೀನದ ಕಡತಗಳು ಬರುವುದು ಸಾಮಾನ್ಯವಾಗಿ ತಡವಾಗಿ. ಐತೀರ್ಪು, ಅಂದರೆ ಪರಿಹಾರದ ಮೊತ್ತ ನಿಗದಿ ಮಾಡುವ ಆದೇಶ, ಆಗಿ, ಜೆಸಿಬಿ ಬಂದು, ಮರ ಉರುಳಿದ ಮೇಲೆ ಜನ ಬರುತ್ತಾರೆ. ಈ ಕುಟುಂಬ ಮಾತ್ರ ಮೊದಲ ಅಧಿಸೂಚನೆ ಬಂದ ಒಂಬತ್ತನೇ ದಿನಕ್ಕೇ ಬಂತು. ಹಾಗಾಗಿ ಜಮೀನು ಕಳೆದುಕೊಳ್ಳುವವರಿಗೆ ಯಾವ ಹಂತದಲ್ಲಿ ಯಾವ ಹಕ್ಕು ಇದೆ, ಎಲ್ಲಿ ಕೈಜಾರುತ್ತದೆ ಅನ್ನುವುದನ್ನು ಮೊದಲಿಂದ ಕೊನೆವರೆಗೆ ನೋಡಿದೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು ಹೇಳುವುದಿಲ್ಲ. ವಿಸ್ತೀರ್ಣ, ದರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಲೆಕ್ಕ ಹಾಕುವ ದಾರಿಯನ್ನು ಬದಲಿಸಿಲ್ಲ.

ಹಿನ್ನೆಲೆ

ತೆಂಗು ಬೆಳೆಯುವ ಬಯಲುಸೀಮೆಯ ಊರು. ರಸ್ತೆಗೆ ಹೊಂದಿಕೊಂಡು ಮೂರು ಎಕರೆ ಹತ್ತು ಗುಂಟೆ ತೋಟ. ಉಳುಮೆ ಮಾಡುತ್ತಿದ್ದವರು ಅಣ್ಣ ತಮ್ಮ ಇಬ್ಬರು. ಅವರಿಗೊಬ್ಬ ಅಕ್ಕ, ಮದುವೆಯಾಗಿ ಪಕ್ಕದ ತಾಲ್ಲೂಕಿನಲ್ಲಿದ್ದರು. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ತಾತನಿಗೆ ಇವರ ತಂದೆ ಒಬ್ಬರೇ ಸಂತಾನ. ಆದರೆ ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇತ್ತು. ಅವರು ತೀರಿಕೊಂಡು ಇಪ್ಪತ್ತು ವರ್ಷ ದಾಟಿದ್ದರೂ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿರಲಿಲ್ಲ. ನಮ್ಮ ಕಡೆ ಇದು ಮನೆ ಮನೆಯ ಕಥೆ. ಸಾಲ ಬೇಕಾದಾಗ ಮಾತ್ರ ಖಾತೆ ನೆನಪಾಗುತ್ತದೆ.

2019ರ ಆಗಸ್ಟ್‌ನಲ್ಲಿ ಹೆದ್ದಾರಿ ಅಗಲೀಕರಣಕ್ಕೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನ ಅಧಿಸೂಚನೆ, ಅಂದರೆ ಜಮೀನು ತೆಗೆದುಕೊಳ್ಳುವ ಉದ್ದೇಶ ತಿಳಿಸುವ ಮೊದಲ ಪ್ರಕಟಣೆ, ಬಂತು. ಅದರ ಸಾರಾಂಶವನ್ನು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಹಾಕಬೇಕು. ತಮ್ಮ ಅದನ್ನು ಹೋಟೆಲಿನಲ್ಲಿ ಕೂತು ಓದಿದ. ಸರ್ವೆ ನಂಬರ್ ತಮ್ಮದು, ಹೆಸರು ತಾತನದು, ವಿಸ್ತೀರ್ಣ 2,226 ಚದರ ಮೀಟರ್. ಎಷ್ಟು ಗುಂಟೆ ಅಂತ ಅವನಿಗೆ ಗೊತ್ತಾಗಲಿಲ್ಲ. ಒಂದು ಗುಂಟೆಗೆ ಸುಮಾರು 101 ಚದರ ಮೀಟರ್, ಅಂದರೆ 22 ಗುಂಟೆ. ಆ ಹಾಳೆಯನ್ನು ಹರಿದು ಜೇಬಿನಲ್ಲಿಟ್ಟುಕೊಂಡು ನನ್ನ ಬಳಿ ಬಂದ.

ತಕರಾರು ಸಲ್ಲಿಸಲು ಕಾಯ್ದೆ ಕೊಡುವುದು 21 ದಿನ. ಅದರಲ್ಲಿ ಒಂಬತ್ತು ಆಗಲೇ ಕಳೆದಿತ್ತು.

ಕಲ್ಲು ಎಲ್ಲಿ, ಕಾಗದ ಎಲ್ಲಿ

ಊರಿನವರು ಒಟ್ಟಾಗಿ ಬರೆದ ತಕರಾರಿನಲ್ಲಿ ‘ನಮಗೆ ಬೆಲೆ ಸಾಲದು’ ಎಂದಿತ್ತು. ಆದರೆ 3ಸಿ ಹಂತದಲ್ಲಿ, ಅಂದರೆ ತಕರಾರಿನ ವಿಚಾರಣೆಯಲ್ಲಿ, ಕೇಳುವುದು ಬೆಲೆಯ ಮಾತನ್ನಲ್ಲ. ಈ ಜಮೀನು ಈ ಉದ್ದೇಶಕ್ಕೆ ಬೇಕೇ, ಇಷ್ಟೇ ಬೇಕೇ ಎನ್ನುವುದನ್ನು. ಬೆಲೆಯ ಹಂತ ಆಮೇಲೆ ಬರುತ್ತದೆ. ಇರುವ ರಸ್ತೆಯನ್ನೇ ಅಗಲ ಮಾಡುತ್ತಿದ್ದ ಕಾರಣ ರಸ್ತೆಯ ದಾರಿ ಬದಲಾಗುವ ಸಾಧ್ಯತೆ ನನಗೆ ಕಾಣಲಿಲ್ಲ. ‘ತೋಟ ಹೋಗೇ ಹೋಗುತ್ತದೆ ಅಂದುಕೊಂಡೇ ಹೊರಡೋಣ, ಎಷ್ಟು ಹೋಗುತ್ತದೆ ಅನ್ನುವುದನ್ನು ಹಿಡಿಯೋಣ’ ಎಂದೆ. ಅಣ್ಣನಿಗೆ ಈ ಮಾತು ಇಷ್ಟವಾಗಲಿಲ್ಲ. ಹೋರಾಟಕ್ಕೆ ಮೊದಲೇ ಕೈಚೆಲ್ಲಿದ ಹಾಗೆ ಅನ್ನಿಸಿತು ಅವರಿಗೆ. ತಮ್ಮ ಮಾತ್ರ ಟೇಪು ಹಿಡಿದು ತೋಟಕ್ಕೆ ಹೋದ.

ತೋಟದಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳನ್ನು ಆಗಲೇ ನೆಟ್ಟಿದ್ದರು. ರಸ್ತೆಯುದ್ದಕ್ಕೆ ತೋಟ 120 ಮೀಟರ್. ಅಧಿಸೂಚನೆಯ ವಿಸ್ತೀರ್ಣಕ್ಕೆ ಅಗಲ ಹದಿನೆಂಟೂವರೆ ಮೀಟರ್ ಬರಬೇಕು. ಕಲ್ಲು ಅದಕ್ಕಿಂತ ಹನ್ನೊಂದು ಅಡಿ ಒಳಗಿತ್ತು. ಅಂದರೆ ಕಾಗದದಲ್ಲಿ 22 ಗುಂಟೆ, ನೆಲದಲ್ಲಿ 26.

ನಾಲ್ಕು ಗುಂಟೆ ತಾನೇ ಎಂದು ಬಿಡುವವರೇ ಹೆಚ್ಚು. ಆದರೆ ಅಧಿಸೂಚನೆಯಲ್ಲಿ ಇಲ್ಲದ ಒಂದು ಅಡಿಯನ್ನೂ ಸರ್ಕಾರ ಮುಟ್ಟುವಂತಿಲ್ಲ. 1978ರ 44ನೇ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿಯಲಿಲ್ಲ, ನಿಜ. ಆದರೆ ಸಂವಿಧಾನದ 300ಎ ವಿಧಿ ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎನ್ನುತ್ತದೆ. ಹೆಚ್ಚುವರಿಯಾಗಿ ಹೋದ ನಾಲ್ಕು ಗುಂಟೆಗೆ ಐತೀರ್ಪೇ ಇರುವುದಿಲ್ಲ, ಹಾಗಾಗಿ ಪರಿಹಾರವೂ ಇರುವುದಿಲ್ಲ. ಡಾಂಬರು ಬಿದ್ದ ಮೇಲೆ ಅದನ್ನು ಕೇಳಿ ಪಡೆಯಲು ಹೈಕೋರ್ಟಿಗೆ ಅಲೆಯಬೇಕು.

ನಮ್ಮ ತಕರಾರಿನಲ್ಲಿ ಎರಡೇ ಅಂಶ ಬರೆದೆವು. ಕಲ್ಲು ಅಧಿಸೂಚನೆ ಮೀರಿದೆ, ಜಂಟಿ ಅಳತೆ ಆಗಲಿ. ಪಹಣಿದಾರರು ತೀರಿಕೊಂಡಿದ್ದಾರೆ, ವಾರಸುದಾರರಿಗೆ ನೋಟಿಸ್ ಕೊಡಿ. ಜೊತೆಗೆ ಟೇಪು ಹಿಡಿದ ಫೋಟೋಗಳು, ಪರವಾನಗಿ ಇರುವ ಸರ್ವೆಯರ್ ಮಾಡಿದ ನಕ್ಷೆ. ವಿಚಾರಣೆ ಐದೇ ನಿಮಿಷ ನಡೆಯಿತು. ‘ಕಲ್ಲು ನೆಟ್ಟಾಗಿದೆಯಲ್ಲ, ಈಗ ಅಳೆದು ಏನು’ ಎಂದು ಒಬ್ಬರು ಗೊಣಗಿದರು. ಆದರೂ ಬರಹದಲ್ಲಿ ಕೊಟ್ಟಿದ್ದಕ್ಕೆ ಬರಹದಲ್ಲೇ ಉತ್ತರ ಬರಬೇಕಾಗಿತ್ತು. ಎರಡು ತಿಂಗಳ ಬಳಿಕ ಜಂಟಿ ಅಳತೆ ನಡೆದು ಕಲ್ಲುಗಳು ಹನ್ನೊಂದು ಅಡಿ ಹಿಂದೆ ಸರಿದವು.

ಅದೇ ದಿನ ಮರಗಳ ಮಹಜರು ಆಯಿತು. ಮಹಜರಿನಲ್ಲಿ ಬರೆದದ್ದು 17 ತೆಂಗು. ರಸ್ತೆ ಬದಿಯ ಸಾಲುಗಳನ್ನು ಎಣಿಸಿ, ಬದುವಿನ ಆಚೆಗಿನವನ್ನು ಬಿಟ್ಟಿದ್ದರು. ಅಣ್ಣ ಓದದೆ ಸಹಿ ಹಾಕಿಬಿಟ್ಟಿದ್ದರು. ಮಾರನೇ ದಿನ ತಮ್ಮ ಬಕೆಟ್ಟಿನಲ್ಲಿ ಸುಣ್ಣ ಕಲಸಿ, ಕಲ್ಲಿನ ಒಳಗಿದ್ದ ಫಲ ಬಿಡುವ ಪ್ರತಿ ಮರದ ಮೇಲೂ ಎದೆ ಎತ್ತರಕ್ಕೆ ಅಂಕಿ ಬರೆದ. ಒಂದರಿಂದ ಇಪ್ಪತ್ತೊಂಬತ್ತು. ಪ್ರತಿ ಮರದ ಜೊತೆಗೂ ಆ ದಿನದ ಪತ್ರಿಕೆ ಹಿಡಿದು ಫೋಟೋ ತೆಗೆಸಿದ. ಆ ಇಪ್ಪತ್ತೊಂಬತ್ತು ಫೋಟೋಗಳನ್ನು ಲಗತ್ತಿಸಿ ಅರ್ಜಿ ಕೊಟ್ಟ ಮೇಲೆ ತೋಟಗಾರಿಕೆ ಇಲಾಖೆಯವರು ಮತ್ತೆ ಬಂದು ಎಣಿಸಿದರು. ನಾನು ಇಷ್ಟು ವರ್ಷ ನೋಡಿದ ಸಾಕ್ಷ್ಯಗಳಲ್ಲಿ ಇಷ್ಟು ಅಗ್ಗದ್ದೂ ಇಷ್ಟು ಗಟ್ಟಿಯಾದದ್ದೂ ಇನ್ನೊಂದಿಲ್ಲ.

ಅಕ್ಕನ ಮನೆಯಲ್ಲಿ

2020ರ ಜೂನ್‌ನಲ್ಲಿ ಸ್ವಾಧೀನದ 3ಡಿ ಘೋಷಣೆ ಬಂತು. 3ಎ ಆದ ಒಂದು ವರ್ಷದೊಳಗೆ ಅದು ಬರದಿದ್ದರೆ ಮೊದಲ ಅಧಿಸೂಚನೆಯೇ ಬಿದ್ದುಹೋಗುತ್ತದೆ. ಬಂದರೆ ಆ ದಿನದಿಂದ ಜಮೀನು ಎಲ್ಲ ಋಣಭಾರಗಳಿಂದ ಮುಕ್ತವಾಗಿ ಕೇಂದ್ರ ಸರ್ಕಾರದ್ದು. ಆಮೇಲೆ ಪರಿಹಾರಕ್ಕೆ ಹಕ್ಕುದಾರರು ಬರಬೇಕೆಂಬ 3ಜಿ ಪ್ರಕಟಣೆ.

ಈ ನಡುವೆ ಅಣ್ಣ ತಮ್ಮಂದಿರು ನನಗೂ ಹೇಳದೆ ಪೌತಿ ಖಾತೆಗೆ ಅರ್ಜಿ ಹಾಕಿದ್ದರು. ವಂಶವೃಕ್ಷದಲ್ಲಿ ಇಬ್ಬರದೇ ಹೆಸರು. ಅಕ್ಕನಿಗೆ ಯಾರಿಂದಲೋ ಗೊತ್ತಾಯಿತು. ಅವರು ನಾಡಕಚೇರಿಗೂ ಭೂಸ್ವಾಧೀನಾಧಿಕಾರಿಗೂ ತಕರಾರು ಕೊಟ್ಟರು: ಮೂರನೇ ಒಂದು ಭಾಗ ನನ್ನದು.

ಕಾನೂನಿನಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯ ಪಾಲುದಾರರನ್ನಾಗಿ ಮಾಡಿದೆ. ತಿದ್ದುಪಡಿಯ ದಿನ ತಂದೆ ಬದುಕಿರಬೇಕಿತ್ತು ಎಂಬ ವಾದವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತಳ್ಳಿಹಾಕಿತ್ತು. ಆದರೆ ಅಣ್ಣನ ಸಿಟ್ಟು ಕಾನೂನಿನ ಮೇಲಲ್ಲ. ‘ಮದುವೆಗೆ ಅಷ್ಟು ಖರ್ಚು ಮಾಡಿದೀವಿ ಸಾರ್, ಸಾಲ ತೀರ್ಸಿದ್ದು ನಾವು’ ಎಂದರು. ಕೋರ್ಟಿನಲ್ಲೇ ನೋಡಿಕೊಳ್ಳೋಣ ಎಂದರು.

ನಾನು ಅವರಿಗೆ ಹಣದ ದಾರಿ ತೋರಿಸಿದೆ. ಪಾಲಿನ ಬಗ್ಗೆ ವ್ಯಾಜ್ಯ ಇದ್ದರೆ ಅಧಿಕಾರಿ ಅದನ್ನು 3ಎಚ್ ಪ್ರಕಾರ ಸಿವಿಲ್ ಕೋರ್ಟಿಗೆ ಕಳಿಸುತ್ತಾರೆ. ಕೋರ್ಟಿನಲ್ಲಿ ತೀರ್ಮಾನ ಆಗುವವರೆಗೆ ಯಾರಿಗೂ ಬಿಡಿಗಾಸು ಸಿಗುವುದಿಲ್ಲ. ಜಮೀನು ಮಾತ್ರ ಹೋಗಿರುತ್ತದೆ. ಇಂಥ ಕಡತಗಳು ಹತ್ತು ವರ್ಷ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊನೆಗೆ ತಮ್ಮ, ‘ಒಂದ್ಸಲ ಅಕ್ಕನ ಮನೆಗೆ ಹೋಗಿ ಬರೋಣ’ ಅಂದ. ನನ್ನನ್ನೂ ಕರೆದುಕೊಂಡು ಹೋದರು.

ಸಂಜೆ ಆರರ ಹೊತ್ತು. ಅಕ್ಕ ಬಾಗಿಲಲ್ಲಿ ನಿಂತು ಒಳಗೆ ಬನ್ನಿ ಅನ್ನದೆ ಒಂದು ನಿಮಿಷ ನೋಡಿದರು. ಕಾಫಿ ಬಂತು. ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಶುರು ಮಾಡಿದರು.

‘ದುಡ್ಡಿಗಲ್ಲ ಕಣೋ. ವಂಶವೃಕ್ಷದಲ್ಲಿ ನನ್ ಹೆಸ್ರೇ ಇಲ್ವಲ್ಲ. ನಾನು ಅಪ್ಪನ ಮಗಳೇ ಅಲ್ವಾ?’

ಅಣ್ಣ ತಲೆ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ, ‘ತಪ್ಪಾಯ್ತು ಅಕ್ಕ’ ಅಂದರು.

ಇಡೀ ಪ್ರಕರಣ ತಿರುಗಿದ್ದು ಅಲ್ಲಿ. ಮೂವರ ಹೆಸರಿನ ವಂಶವೃಕ್ಷ ಹೊಸದಾಗಿ ಆಯಿತು, ಮೂವರ ಹೆಸರಿಗೆ ಪೌತಿ ಖಾತೆ ಆಯಿತು. ಪರಿಹಾರವನ್ನು ಸಮ ಮೂರು ಪಾಲು ಮಾಡಲು ಒಪ್ಪಿಗೆ ಎಂದು ಅಫಿಡವಿಟ್ ಕೊಟ್ಟರು. ಉಳಿದ ತೋಟದ ಹಕ್ಕುಬಿಡುಗಡೆ ಪತ್ರವನ್ನೂ ಅಕ್ಕನಿಂದ ಅಂದೇ ಬರೆಸಿಕೊಳ್ಳೋಣ ಎಂದು ಸಂಬಂಧಿಕರೊಬ್ಬರು ಒತ್ತಾಯ ಮಾಡಿದರು. ಬೇಡ ಎಂದು ನಾನು ಗಟ್ಟಿಯಾಗಿ ಹೇಳಿದೆ. ಆಗಷ್ಟೇ ಮಾತಾಡಿಸಿದ ಅಕ್ಕನ ಕೈಗೆ ಪೆನ್ನು ಕೊಡುವುದು ಸರಿ ಕಾಣಲಿಲ್ಲ. ಹಾಗೆ ಬರೆಸಿಕೊಂಡ ಪತ್ರ ಮುಂದೆ ಇನ್ನೊಂದು ದಾವೆಗೆ ದಾರಿ.

ಹಣ ಪಡೆಯಬೇಕೋ ಬೇಡವೋ

2021ರ ಮಾರ್ಚ್‌ನಲ್ಲಿ ಐತೀರ್ಪು ಬಂತು. ದರ ಗುಂಟೆಗೆ 45,000, ಅಂದರೆ ಎಕರೆಗೆ 18 ಲಕ್ಷ. ಇದು ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ. 22 ಗುಂಟೆಗೆ 9,90,000. ಗ್ರಾಮೀಣ ಜಮೀನಿಗೆ ಪಟ್ಟಣದಿಂದ ಇರುವ ದೂರ ನೋಡಿ ಒಂದರಿಂದ ಎರಡರವರೆಗಿನ ಗುಣಕ ಹಚ್ಚುತ್ತಾರೆ. ಇವರಿಗೆ ಹಚ್ಚಿದ್ದು ಒಂದೂವರೆ, ಹಾಗಾಗಿ 14,85,000. ಮರ ಒಂದಕ್ಕೆ 14,000ದಂತೆ 29 ಮರಕ್ಕೆ 4,06,000. ಒಟ್ಟು 18,91,000. ಇದರಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಇಷ್ಟವಿಲ್ಲದಿದ್ದರೂ ಜಮೀನು ಬಿಟ್ಟುಕೊಡಬೇಕಾಗಿ ಬಂದದ್ದಕ್ಕೆ ಕೊಡುವ ಶೇ 100ರ ಮೊತ್ತ. ಸೇರಿ 37,82,000. ಅಧಿಸೂಚನೆಯಿಂದ ಐತೀರ್ಪಿನವರೆಗಿನ ಅವಧಿಗೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12 ಬೇರೆ. ಬೋರ್‌ವೆಲ್ಲಿಗೆ ಸೊನ್ನೆ.

ಸೊಲೇಷಿಯಂ ಹೆದ್ದಾರಿ ಕಾಯ್ದೆಯಲ್ಲಿ ತಾನಾಗಿ ಬಂದದ್ದಲ್ಲ. 1997ರ ತಿದ್ದುಪಡಿ ಅದನ್ನು ಕಿತ್ತುಹಾಕಿತ್ತು. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ಲೆಕ್ಕ ಹೆದ್ದಾರಿಗೂ ಅನ್ವಯವಾದದ್ದು 2015ರ ಜನವರಿ 1ರಿಂದ. ಅದಕ್ಕೂ ಹಿಂದಿನವರಿಗೆ ಸೊಲೇಷಿಯಂ, ಬಡ್ಡಿ ನಿರಾಕರಿಸುವುದು ಸಮಾನತೆಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಒಂದೇ ಊರಿನಲ್ಲಿ ಕಾಲುವೆಗೆ ಕೊಟ್ಟವನಿಗೆ ಒಂದು, ಹೆದ್ದಾರಿಗೆ ಕೊಟ್ಟವನಿಗೆ ಇನ್ನೊಂದು ಅನ್ನುವ ಅನ್ಯಾಯ ಅಷ್ಟು ವರ್ಷ ನಡೆದಿತ್ತು.

ಐತೀರ್ಪಿನ ಸುದ್ದಿ ಬಂದ ರಾತ್ರಿಯೇ ಊರಿನ ಅರಳಿಕಟ್ಟೆಯಲ್ಲಿ ಸಭೆ. ಯಾರೂ ಹಣ ಮುಟ್ಟಬಾರದು, ಮುಟ್ಟಿದರೆ ಒಪ್ಪಿದ ಹಾಗೆ ಎಂದು ತೀರ್ಮಾನ. ಈ ಭಯಕ್ಕೆ ಬೇರು ಇದೆ. 1894ರ ಹಳೆಯ ಕಾಯ್ದೆಯಲ್ಲಿ ಆಕ್ಷೇಪಣೆ ಬರೆಯದೆ ಹಣ ಪಡೆದವರು ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋಗುವಂತಿರಲಿಲ್ಲ, 2013ರ ಕಾಯ್ದೆಯಲ್ಲೂ ಆ ಮಾತು ಉಳಿದಿದೆ. ಆದರೆ ಅದಕ್ಕೆ ಉತ್ತರ ಹಣ ಬಿಡುವುದಲ್ಲ, ಆಕ್ಷೇಪಣೆ ಬರೆಯುವುದು. ಅಣ್ಣ ಎರಡು ದಿನ ಊಟ ಬಿಟ್ಟು ಯೋಚಿಸಿದರು. ಊರನ್ನು ಎದುರು ಹಾಕಿಕೊಳ್ಳುವುದು ಸುಲಭವಲ್ಲ. ಕೊನೆಗೆ ಮೂವರೂ ಬಂದು, ‘ಮೊತ್ತ ಸಾಲದೆಂಬ ಆಕ್ಷೇಪಣೆಗೆ ಒಳಪಟ್ಟು, ಹಕ್ಕು ಕಾಯ್ದಿರಿಸಿಕೊಂಡು ಪಡೆದಿರುತ್ತೇವೆ’ ಎಂದು ರಸೀದಿಯ ಮೇಲೇ ಬರೆದು ಸಹಿ ಹಾಕಿದರು. ಅದರ ನಕಲಿಗೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡೆವು.

ಪರಿಹಾರದ ಹಣ ಠೇವಣಿ ಆಗಿದ್ದರಿಂದ, ಮುಟ್ಟದೆ ಕೂತವರ ಜಮೀನಿನ ಮೇಲೂ ಅದೇ ವಾರ ಜೆಸಿಬಿ ಹೋಯಿತು.

ಡಿಸಿ ಮುಂದೆ

ಹೆದ್ದಾರಿ ಕಾಯ್ದೆಯಲ್ಲಿ ಬೆಲೆಯ ತಕರಾರು ನೇರ ಕೋರ್ಟಿಗೆ ಹೋಗುವುದಿಲ್ಲ. ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಈ ಪ್ರಕರಣದಲ್ಲಿ ಅವರು ಜಿಲ್ಲಾಧಿಕಾರಿ. ಒಬ್ಬ ಡಿಸಿಗೆ ಇರುವ ಕೆಲಸದ ನಡುವೆ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು, ಅದರ ಮಧ್ಯೆ ಇಬ್ಬರು ವರ್ಗವಾದರು. ಇದು ರೈತನಿಗೆ ನ್ಯಾಯವಾದ ಏರ್ಪಾಡು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ನಮ್ಮ ಮುಖ್ಯ ಆಧಾರ ಕ್ರಯಪತ್ರಗಳು. 2013ರ ಕಾಯ್ದೆಯ 26ನೇ ಕಲಮಿನ ಪ್ರಕಾರ ಮಾರ್ಗಸೂಚಿ ಬೆಲೆ ಒಂದೇ ಅಳತೆಯಲ್ಲ. ಹಿಂದಿನ ಮೂರು ವರ್ಷ ಸುತ್ತಮುತ್ತ ಅಂಥದೇ ಜಮೀನಿನ ಕ್ರಯಪತ್ರಗಳನ್ನು ತೆಗೆದು, ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ನೋಡಬೇಕು. ಯಾವುದು ಹೆಚ್ಚೋ ಅದು ಬೆಲೆ. ತಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹನ್ನೊಂದು ಸಲ ಹೋಗಿ ಹನ್ನೆರಡು ಪತ್ರಗಳ ದೃಢೀಕೃತ ನಕಲು ತಂದ. ನಾಲ್ಕು ಮನೆ ಸೈಟಿನವು, ನಾವೇ ಕೈಬಿಟ್ಟೆವು. ಉಳಿದ ಎಂಟರಲ್ಲಿ ಮೇಲಿನ ನಾಲ್ಕು ಎಕರೆಗೆ 34, 28, 27, 27 ಲಕ್ಷ. ಸರಾಸರಿ 29.

34 ಲಕ್ಷದ ಪತ್ರ ಬಸ್ ನಿಲ್ದಾಣದ ಸರ್ಕಲ್ಲಿಗೆ ಅಂಟಿದ ಜಮೀನಿನದು ಎಂದು ಎದುರು ಪಕ್ಷ ವಾದಿಸಿತು. ಮಧ್ಯಸ್ಥಗಾರರು ಒಪ್ಪಿ ಅದನ್ನು ಬಿಟ್ಟರು. ಉಳಿದವುಗಳಲ್ಲಿ ಮೇಲಿನ ನಾಲ್ಕರ ಸರಾಸರಿ 26 ಲಕ್ಷ. ಗುಂಟೆಗೆ 65,000, ಗುಣಕ ಸೇರಿ ಜಮೀನಿಗೆ 21,45,000. ಬೋರ್‌ವೆಲ್, ಪಂಪ್‌ಹೌಸ್‌ಗೆ 1,60,000 ಸೇರಿಸಿದರು. ಮರಗಳ ಮೊತ್ತ ಹಾಗೇ ಉಳಿಯಿತು. ಸೊಲೇಷಿಯಂ ಸೇರಿ 54,22,000. ಮೊದಲಿಗಿಂತ 16,40,000 ಹೆಚ್ಚು. ಹೆಚ್ಚಾದ ಮೊತ್ತಕ್ಕೆ ಸ್ವಾಧೀನದ ದಿನದಿಂದ ಶೇ 9 ಬಡ್ಡಿ.

ಒಂದು ಕಡೆ ಸೋತೆವು, ಅದರ ಹೊಣೆ ನನ್ನದು. ಬೋರ್‌ವೆಲ್ ಇದ್ದದ್ದು ರಸ್ತೆಗೆ ಹೋದ ಭಾಗದಲ್ಲಿ. ಉಳಿದ ಎರಡು ಎಕರೆ 28 ಗುಂಟೆ ತೋಟಕ್ಕೆ ನೀರೇ ಇಲ್ಲದಂತಾಯಿತು. ಒಂದು ಭಾಗ ಕತ್ತರಿಸಿ ತೆಗೆದಾಗ ಉಳಿದ ಜಮೀನಿಗೆ ಆಗುವ ನಷ್ಟವನ್ನೂ ಕೊಡಬೇಕೆಂದು 3ಜಿ ಕಲಮಿನಲ್ಲೇ ಇದೆ. ನಾವು ಕೇಳಿದೆವು. ಆದರೆ ಹೊಸ ಬೋರ್ ಕೊರೆಸಿದ ಬಿಲ್ಲು ಇರಲಿಲ್ಲ, ಕೈಯಲ್ಲಿ ನಗದು ಕೊಟ್ಟಿದ್ದರು. ನೀರಿಲ್ಲದ ಆ ಬೇಸಿಗೆಯಲ್ಲಿ ಗರಿ ಜೋತುಬಿದ್ದ ಮರಗಳ ಫೋಟೋ ಇರಲಿಲ್ಲ. ಹಳೆಯ ಬೋರಿನ ನೀರಿನ ಪ್ರಮಾಣದ ದಾಖಲೆ ಇರಲಿಲ್ಲ. ಮರಕ್ಕೆ ಅಂಕಿ ಬರೆದ ಹುಡುಗನಿಗೆ ಇದನ್ನೂ ಮಾಡು ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಬೇಡಿಕೆ ಸಾಕ್ಷ್ಯವಿಲ್ಲವೆಂದು ಬಿದ್ದುಹೋಯಿತು.

2023ರಲ್ಲಿ ಆದೇಶ ಬಂದಾಗ ಆ ಭಾಗಕ್ಕಾಗಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕೇ ಎಂಬ ಪ್ರಶ್ನೆ ಎದ್ದಿತು. ಮಧ್ಯಸ್ಥಗಾರರ ಆದೇಶ ಪ್ರಶ್ನಿಸಲು ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಮಿನಲ್ಲಿ ಮೂರು ತಿಂಗಳು, ಕಾರಣ ಇದ್ದರೆ ಇನ್ನು ಮೂವತ್ತು ದಿನ. ಆದರೆ ಇಂಥ ಐತೀರ್ಪನ್ನು ಕೋರ್ಟ್ ರದ್ದು ಮಾಡಬಹುದೇ ಹೊರತು ಮೊತ್ತ ಹೆಚ್ಚಿಸಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. ಗೆದ್ದರೂ ಮತ್ತೆ ಮೊದಲಿಂದ ಶುರು. ಅವರು ಹೋಗಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಸೀಮಿತ ಸಂದರ್ಭಗಳಲ್ಲಿ ತಿದ್ದುವ ಅಧಿಕಾರ ಇದೆ ಎಂದು ಸಂವಿಧಾನ ಪೀಠ ಹೇಳಿದ್ದು 2025ರ ಏಪ್ರಿಲ್‌ನಲ್ಲಿ. ಎದುರು ಪಕ್ಷ ಮಾತ್ರ 34ರಡಿ ಅರ್ಜಿ ಹಾಕಿತು. 2024ರಲ್ಲಿ ಅದು ವಜಾ ಆಗಿ ಹಣ ಠೇವಣಿ ಆಯಿತು.

ಇದರಲ್ಲಿ ಬೇರೆಯವರಿಗೆ ಏನಿದೆ

ಈ ಕುಟುಂಬಕ್ಕೆ ನೆರವಾದದ್ದು ದೊಡ್ಡ ವಾದಗಳಲ್ಲ. ಕಲ್ಲು ಅಳೆದದ್ದು, ಮರ ಎಣಿಸಿದ್ದು, ಹನ್ನೊಂದು ಸಲ ಸಬ್‌ರಿಜಿಸ್ಟ್ರಾರ್ ಕಚೇರಿಗೆ ನಡೆದದ್ದು. ಎಲ್ಲಕ್ಕಿಂತ ಮೊದಲು ಆ ಸಂಜೆ ಅಕ್ಕನ ಮನೆಗೆ ಹೋದದ್ದು. ಅಂದು ಹೋಗದಿದ್ದರೆ ಈ ಅಂಕಿಗಳೆಲ್ಲ ಕೋರ್ಟಿನ ಠೇವಣಿ ಪುಸ್ತಕದಲ್ಲಿ ಕೂತಿರುತ್ತಿದ್ದವು. ಅಧಿಸೂಚನೆ ಬಂದಮೇಲೆ ಖಾತೆ ಮಾಡಿಸುವುದಕ್ಕೂ ಬರುವ ಮುನ್ನ ಮಾಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಈಗ ನಾನು ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ನಿಮ್ಮ ಪಹಣಿಯಲ್ಲಿ ಸತ್ತವರ ಹೆಸರಿದ್ದರೆ ಈ ವಾರವೇ ನಾಡಕಚೇರಿಗೆ ಹೋಗಿ, ಅಕ್ಕ ತಂಗಿಯರ ಹೆಸರನ್ನೂ ಸೇರಿಸಿ ಅರ್ಜಿ ಕೊಡಿ.

ಸರ್ಕಾರಕ್ಕೆ ಭೂಮಿ ಪಡೆಯುವ ಅಧಿಕಾರ ಇದೆ ಎಂದರೆ ನಮಗೆ ಹಕ್ಕಿಲ್ಲ ಎಂದಲ್ಲ. 2024ರ ಮೇ ತಿಂಗಳ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ 300ಎ ವಿಧಿಯೊಳಗೇ ಏಳು ಹಕ್ಕುಗಳಿವೆ ಎಂದು ಬಿಡಿಸಿ ಹೇಳಿತು. ನೋಟಿಸ್, ಅಹವಾಲು, ಕಾರಣ ಬರೆದ ಆದೇಶ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ಎಳೆದಾಡದ ಪ್ರಕ್ರಿಯೆ, ಅದರ ಮುಕ್ತಾಯ. ಬೆಂಗಳೂರು-ಮೈಸೂರು ಕಾರಿಡಾರಿಗೆ 2003ರಲ್ಲಿ ಅಧಿಸೂಚನೆಯಾದ ಜಮೀನಿನವರು ಇಪ್ಪತ್ತೆರಡು ವರ್ಷ ಪರಿಹಾರವಿಲ್ಲದೆ ಕಾದರು. 2025ರ ಜನವರಿಯಲ್ಲಿ ಕೋರ್ಟ್ ಅವರ ಬೆಲೆಯನ್ನು 2003ರದ್ದಲ್ಲ, 2019ರ ಏಪ್ರಿಲ್ ದರದಂತೆ ಲೆಕ್ಕ ಹಾಕಿ ಎಂದಿತು. ಅಷ್ಟು ಕಾಯುವ ಶಕ್ತಿ ಎಷ್ಟು ಮನೆಗಳಿಗಿದೆ?

ಹಿಂದೆ ಸರಿದ ಆ ಹನ್ನೊಂದು ಅಡಿ ಜಾಗ ಸರ್ವಿಸ್ ರಸ್ತೆಗೆ ಬೇಕೆಂದು 2025ರಲ್ಲಿ ಹೊಸ 3ಎ ಅಧಿಸೂಚನೆ ಬಂತು. ತಮ್ಮ ಪತ್ರಿಕೆ ಹಿಡಿದುಕೊಂಡು ಬಂದ, ಈ ಸಲ ಎರಡನೇ ದಿನವೇ. ನಾಲ್ಕು ಗುಂಟೆಯ ಎದುರು ತಾತನ ಹೆಸರಿರಲಿಲ್ಲ. ಮೂರು ಹೆಸರುಗಳಿದ್ದವು, ಮೊದಲನೆಯದು ಅಕ್ಕನದು.